ಹಲ್ಲು ಕೀಳಿಸಿಕೊಂಡ ಮೇಲೆ ಮನೆಯಲ್ಲಿ ಬಾಯಿಯ ಆರೈಕೆ

ಹಲ್ಲುನೋವು ಬಂದವರಿಗೆ ಊಟ ರುಚಿಸದು, ನಿದ್ರೆ ಹತ್ತದು. ಹೊಲದ ಕೆಲಸವಾಗಲಿ ಮನೆಯ ಕೆಲಸವಾಗಲಿ ಸಾಗದು. ಆದರೂ ನಮ್ಮ ಹಳ್ಳಿಗಳಲ್ಲಿ ಅನೇಕರು ಲವಂಗ ಕಚ್ಚಿಕೊಂಡೋ, ಹೊಗೆಸೊಪ್ಪು ಅದುಮಿಕೊಂಡೋ ತಿಂಗಳುಗಟ್ಟಲೆ ನೋವನ್ನು ಸಹಿಸುತ್ತಾರೆ. ಹುಳುಕು ಬೇರಿನವರೆಗೆ ಇಳಿದು, ಕೆನ್ನೆ ಊದಿಕೊಂಡ ಮೇಲೆ ದಂತವೈದ್ಯರ ಬಳಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಹಲ್ಲನ್ನು ಉಳಿಸುವ ಅವಕಾಶ ಬಹುಮಟ್ಟಿಗೆ ಕಳೆದುಹೋಗಿರುತ್ತದೆ. ಹಲ್ಲನ್ನು ಕೀಳುವುದು ಅನಿವಾರ್ಯವಾಗುತ್ತದೆ.

ಹಲ್ಲು ಹೊರಗೆ ಬಂದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ವೈದ್ಯರ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯಬಹುದು. ಗಾಯ ಮಾಯುವ ಕೆಲಸವಾದರೋ ಮನೆಯಲ್ಲಿ, ಹಲವು ವಾರಗಳ ಕಾಲ ನಡೆಯಬೇಕು. ಆ ಕೆಲಸವನ್ನು ಸುಗಮಗೊಳಿಸುವುದೂ ಕೆಡಿಸುವುದೂ ನಿಮ್ಮ ಕೈಯಲ್ಲಿದೆ. ಪತಿಗೆ ಚಿಕಿತ್ಸೆಯಾದಾಗ ಪತ್ನಿಯೂ, ಪತ್ನಿಗೆ ಚಿಕಿತ್ಸೆಯಾದಾಗ ಪತಿಯೂ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹಲ್ಲು ಕಿತ್ತ ಜಾಗದಲ್ಲಿ ಏನು ನಡೆಯುತ್ತದೆ?

ಹಲ್ಲಿನ ಬೇರು ದವಡೆಯ ಮೂಳೆಯೊಳಗೆ ನಾಟಿಕೊಂಡಿರುತ್ತದೆ. ಹಲ್ಲನ್ನು ಕಿತ್ತಾಗ ಆ ಜಾಗದಲ್ಲಿ ಒಂದು ಕುಳಿ ಉಳಿಯುತ್ತದೆ. ಕುಳಿಯಲ್ಲಿ ಒಸರಿದ ರಕ್ತವು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪು ಕೊಳೆಯಲ್ಲ. ತೆಗೆದು ಬಿಸಾಡತಕ್ಕ ವಸ್ತುವೂ ಅಲ್ಲ. ದೇಹವು ತಾನಾಗಿಯೇ ಸಿದ್ಧಪಡಿಸಿದ ಮುಲಾಮುಪಟ್ಟಿಯೇ ಅದು. ಅದು ರಕ್ತಸ್ರಾವವನ್ನು ತಡೆಯುತ್ತದೆ, ಕೆಳಗಿರುವ ಮೂಳೆಯನ್ನೂ ನರದ ತುದಿಗಳನ್ನೂ ಮುಚ್ಚಿ ಕಾಪಾಡುತ್ತದೆ. ಮುಂದೆ ಬೆಳೆಯುವ ಹೊಸ ಮಾಂಸಕ್ಕೆ ಅದೇ ಆಧಾರ.

ಹಾಲಿಗೆ ಹೆಪ್ಪು ಹಾಕಿದ ಗೃಹಿಣಿಯು ಪಾತ್ರೆಯನ್ನು ಅಲುಗಾಡಿಸದೆ ಒಂದು ಮೂಲೆಯಲ್ಲಿಡುತ್ತಾಳೆ. ನಡುವೆ ಸೌಟು ಹಾಕಿ ಕಲಕಿದರೆ ಮೊಸರು ಗಟ್ಟಿಯಾಗದು ಎಂಬುದು ಆಕೆಗೆ ತಿಳಿದಿದೆ. ಬಾಯಿಯ ಕುಳಿಯ ವಿಷಯದಲ್ಲೂ ಇದೇ ಜಾಣ್ಮೆ ಬೇಕು. ಮೊದಲ ಇಪ್ಪತ್ನಾಲ್ಕು ಗಂಟೆಗಳ ಕಾಲ ಹೆಪ್ಪನ್ನು ಕದಲಿಸದಿರುವುದೇ ಆರೈಕೆಯ ಮೂಲಸೂತ್ರ. ಮುಂದೆ ಹೇಳುವ ಹೆಚ್ಚಿನ ನಿಯಮಗಳೆಲ್ಲವೂ ಇದರಿಂದಲೇ ಹೊರಟವು.

ಹೆಪ್ಪು ಉಳಿದುಕೊಂಡರೆ ಒಂದು ವಾರದಿಂದ ಹತ್ತು ದಿನಗಳಲ್ಲಿ ಕುಳಿಯೊಳಗೆ ಹೊಸ ಮಾಂಸ ತುಂಬತೊಡಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ವಸಡು ಮೇಲೆ ಕೂಡಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಿ ಬಲಗೊಳ್ಳಲು ಹಲವು ತಿಂಗಳು ಬೇಕು.

ಮೊದಲ ಒಂದು ಗಂಟೆ

ಹಲ್ಲು ಕಿತ್ತ ಕೂಡಲೇ ವೈದ್ಯರು ಹತ್ತಿಯ ಉಂಡೆಯನ್ನು ಕುಳಿಯ ಮೇಲಿಟ್ಟು ಕಚ್ಚಿ ಹಿಡಿಯಲು ಹೇಳುತ್ತಾರೆ. ಅದನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ರಕ್ತ ನಿಂತಿತೋ ಇಲ್ಲವೋ ಎಂದು ಪದೇ ಪದೇ ತೆಗೆದು ನೋಡಬಾರದು; ಹಾಗೆ ತೆಗೆದಾಗಲೆಲ್ಲ ಆಗತಾನೆ ಕಟ್ಟಿದ ಹೆಪ್ಪು ಅದರೊಡನೆ ಕಿತ್ತುಬರುತ್ತದೆ. ಉಂಡೆಯನ್ನು ತೆಗೆದ ಮೇಲೆ ಬಾಯಿ ಮುಕ್ಕಳಿಸಬಾರದು. ಬಾಯಲ್ಲಿ ಬಂದ ಎಂಜಲನ್ನು ಉಗುಳದೆ ನುಂಗಬೇಕು.

ಚುಚ್ಚುಮದ್ದಿನಿಂದಾದ ಜೋಮು ಎರಡು ಮೂರು ಗಂಟೆಗಳ ಕಾಲ ಇರುತ್ತದೆ. ಅಲ್ಲಿಯವರೆಗೆ ತುಟಿಯನ್ನಾಗಲಿ ಕೆನ್ನೆಯನ್ನಾಗಲಿ ಕಚ್ಚಿಕೊಂಡರೂ ಗೊತ್ತಾಗದು. ಬಿಸಿ ತಗುಲಿದರೂ ತಿಳಿಯದು. ಆದುದರಿಂದ ಜೋಮು ಇಳಿಯುವವರೆಗೆ ಆಹಾರ ಸೇವಿಸಬಾರದು. ಮಕ್ಕಳಿಗೆ ಹಲ್ಲು ಕೀಳಿಸಿದ್ದರೆ ಅವರು ತುಟಿ ಕಚ್ಚಿಕೊಳ್ಳದಂತೆ ತಾಯಿತಂದೆಯರು ಕಣ್ಣಿಟ್ಟಿರಬೇಕು.

ಮೊದಲ ದಿನ ಮಾಡಬಾರದ ಕೆಲಸಗಳು

1. ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು.

2. ಎಳನೀರು ಮುಂತಾದ ಪಾನೀಯಗಳನ್ನು ಕೊಳವೆಯಿಂದ ಹೀರಬಾರದು. ಹೀರಿದಾಗ ಉಂಟಾಗುವ ಸೆಳೆತಕ್ಕೆ ಹೆಪ್ಪು ಕಿತ್ತುಬರುತ್ತದೆ.

3. ನಾಲಿಗೆ, ಬೆರಳು, ಕಡ್ಡಿ ಯಾವುದರಿಂದಲೂ ಕುಳಿಯನ್ನು ಮುಟ್ಟಬಾರದು.

4. ಬಿಸಿ ಕಾಫಿ, ಬಿಸಿ ಚಹ, ಬಿಸಿ ಸಾರು ಕೂಡದು. ಕೆನ್ನೆಗೆ ಬಿಸಿ ಶಾಖವನ್ನೂ ಕೊಡಬಾರದು. ಶಾಖದಿಂದ ರಕ್ತನಾಳಗಳು ಹಿಗ್ಗಿ ರಕ್ತಸ್ರಾವ ಮರುಕಳಿಸುವುದು.

5. ಬೀಡಿ, ಸಿಗರೇಟು, ಎಲೆಅಡಿಕೆ, ಹೊಗೆಸೊಪ್ಪು, ನಶ್ಯ, ಮದ್ಯ ಇವುಗಳಲ್ಲಿ ಯಾವುದೂ ಸಲ್ಲದು.

6. ನೀರಿನ ಕೊಡ ಅಥವಾ ಮೂಟೆ ಹೊರುವುದು, ಸೌದೆ ಒಡೆಯುವುದು, ಬಗ್ಗಿ ಕಳೆ ಕೀಳುವುದು ಅಥವಾ ನಾಟಿ ಮಾಡುವುದು ಇತ್ಯಾದಿ ಶ್ರಮದ ಕೆಲಸ ಮಾಡಬಾರದು. ಬಗ್ಗಿದಾಗಲೂ ಭಾರ ಎತ್ತಿದಾಗಲೂ ತಲೆಯ ಕಡೆಗೆ ರಕ್ತದ ಒತ್ತಡ ಏರಿ ಕುಳಿಯಿಂದ ರಕ್ತ ಒಸರುತ್ತದೆ.

ಊತವನ್ನು ತಗ್ಗಿಸಲು ಹೊರಗಡೆಯಿಂದ ಕೆನ್ನೆಗೆ ತಂಪು ಕೊಡುವುದು ಒಳ್ಳೆಯದು. ಮಂಜುಗಡ್ಡೆ ದೊರೆಯದಿದ್ದಲ್ಲಿ ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆ ಸಾಕು. ಹತ್ತು ನಿಮಿಷ ಇಟ್ಟು, ಹತ್ತು ನಿಮಿಷ ಬಿಟ್ಟು, ಹೀಗೆ ಕೆಲವು ಬಾರಿ ಮಾಡಬೇಕು. ರಾತ್ರಿ ಎರಡು ದಿಂಬುಗಳನ್ನಿಟ್ಟುಕೊಂಡು ತಲೆಯನ್ನು ಎತ್ತರದಲ್ಲಿರಿಸಿ ಮಲಗಬೇಕು.

ಮೊದಲ ದಿನ ಎಂಜಲಿನಲ್ಲಿ ಸ್ವಲ್ಪ ಕೆಂಪು ಕಾಣಿಸುವುದು ಸಹಜ. ಒಂದು ತೊಟ್ಟು ರಕ್ತ ಬಾಯಿತುಂಬ ಎಂಜಲಿನಲ್ಲಿ ಬೆರೆತರೆ ಎಲ್ಲವೂ ರಕ್ತವೆಂದೇ ತೋರುತ್ತದೆ, ಗಾಬರಿಪಡಬೇಕಾಗಿಲ್ಲ. ನಿಜವಾಗಿಯೂ ರಕ್ತ ಹರಿಯುತ್ತಿದ್ದರೆ ನೆಟ್ಟಗೆ ಕುಳಿತುಕೊಳ್ಳಿ. ಶುಭ್ರವಾದ ಹತ್ತಿಯನ್ನಾಗಲಿ, ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯ ಚಿಕ್ಕ ಸುರುಳಿಯನ್ನಾಗಲಿ ಕುದಿಸಿ ಆರಿಸಿದ ನೀರಿನಲ್ಲಿ ಒದ್ದೆಮಾಡಿ, ಸರಿಯಾಗಿ ಕುಳಿಯ ಮೇಲಿಟ್ಟು, ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ. ನಿಲ್ಲದಿದ್ದರೆ ಇನ್ನೊಂದು ಬಾರಿ ಹಾಗೆಯೇ ಮಾಡಿ. ಆಗಲೂ ನಿಲ್ಲದಿದ್ದಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆಹಾರ ಹೇಗಿರಬೇಕು?

ಹಲ್ಲು ಕೀಳಿಸಿಕೊಂಡವರು ಉಪವಾಸವಿರಬಾರದು. ಗಾಯ ಮಾಯಲು ಪೌಷ್ಟಿಕ ಆಹಾರ ಅವಶ್ಯಕ. ಮೊದಲೆರಡು ದಿನ ಆರಿದ, ಮೆತ್ತಗಿನ, ಖಾರವಿಲ್ಲದ ಆಹಾರ ಸೇವಿಸಬೇಕು. ಇದಕ್ಕಾಗಿ ದುಡ್ಡು ಕೊಟ್ಟು ಏನನ್ನೂ ತರಬೇಕಾಗಿಲ್ಲ. ರಾಗಿ ಅಂಬಲಿ, ಗಂಜಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಮೆತ್ತಗೆ ಬೆಂದ ಬೇಳೆಯ ಕಟ್ಟು, ಬಾಳೆಹಣ್ಣು ಇವೆಲ್ಲ ಸೂಕ್ತ. ಆರಿದ ರಾಗಿಮುದ್ದೆಯನ್ನು ಖಾರವಿಲ್ಲದ ಸಾರಿನೊಡನೆ ಚಿಕ್ಕ ತುತ್ತುಗಳಾಗಿ ನುಂಗಬಹುದು. ಮೊಟ್ಟೆ ತಿನ್ನುವವರು ಬೇಯಿಸಿದ ಮೊಟ್ಟೆಯನ್ನು ಮೆತ್ತಗೆ ಹಿಸುಕಿ ತಿನ್ನಬಹುದು. ಧಾರಾಳವಾಗಿ ನೀರು ಕುಡಿಯಬೇಕು.

ಜೋಳದ ರೊಟ್ಟಿ, ಚಕ್ಕುಲಿ, ಕಡಲೆಕಾಯಿ, ಮಂಡಕ್ಕಿ ಮುಂತಾದ ಗಟ್ಟಿಯಾದ ಅಥವಾ ಚೂರುಚೂರಾಗುವ ಪದಾರ್ಥಗಳನ್ನು ಒಂದು ವಾರ ದೂರವಿಡುವುದು ಮೇಲು; ಚೂರುಗಳು ಕುಳಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಜಗಿಯುವುದೇನಿದ್ದರೂ ಮತ್ತೊಂದು ಕಡೆಯಿಂದ ಜಗಿಯಬೇಕು.

ಎರಡನೆಯ ದಿನದಿಂದ ಉಪ್ಪುನೀರು

ಇಪ್ಪತ್ನಾಲ್ಕು ಗಂಟೆಗಳು ಕಳೆದ ನಂತರ ಬಾಯಿಯನ್ನು ಶುಚಿಯಾಗಿಡುವ ಕೆಲಸ ಪ್ರಾರಂಭವಾಗುತ್ತದೆ. ಕುದಿಸಿ ಆರಿಸಿದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಅಡಿಗೆ ಉಪ್ಪನ್ನು ಬೆರೆಸಬೇಕು. ಒಂದು ಗುಟುಕನ್ನು ಬಾಯಲ್ಲಿಟ್ಟುಕೊಂಡು ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ, ನೀರು ತಾನಾಗಿ ಬಾಯಿಂದ ಜಾರಿ ಬೀಳುವಂತೆ ಬಿಡಬೇಕು. ಗಳಗಳನೆ ಮುಕ್ಕಳಿಸಿ ದೂರಕ್ಕೆ ಉಗುಳುವುದು ಕೂಡದು. ಪ್ರತಿ ಊಟದ ನಂತರವೂ ಮಲಗುವ ಮುನ್ನವೂ, ದಿನಕ್ಕೆ ನಾಲ್ಕೈದು ಬಾರಿ, ಒಂದು ವಾರದ ಕಾಲ ಹೀಗೆ ಮಾಡಬೇಕು.

ಗಾಯವಿದೆಯೆಂದು ಹಲ್ಲುಜ್ಜುವುದನ್ನೇ ನಿಲ್ಲಿಸುವವರಿದ್ದಾರೆ. ಇದರಿಂದ ಬಾಯಲ್ಲಿ ಕೊಳೆ ಸಂಗ್ರಹವಾಗಿ ರೋಗಾಣುಗಳು ಹೆಚ್ಚುತ್ತವೆ. ಉಳಿದ ಹಲ್ಲುಗಳನ್ನು ಮೆತ್ತಗಿನ ಬ್ರಷ್ಷು ಹಾಗೂ ಫ್ಲೋರೈಡ್ ಇರುವ ಪೇಸ್ಟಿನಿಂದ ಎಂದಿನಂತೆ ಉಜ್ಜಿ, ಕುಳಿಯ ಹತ್ತಿರ ಮಾತ್ರ ಎಚ್ಚರದಿಂದಿರಬೇಕು. ಬೇವಿನ ಕಡ್ಡಿಯನ್ನು ಬಳಸುವವರು ಒಂದು ವಾರ ಅದನ್ನು ಬಿಡುವುದು ಲೇಸು. ಅದರ ನಾರಿನ ಎಳೆಗಳು ಕುಳಿಯೊಳಗೆ ಸೇರಿಕೊಳ್ಳುತ್ತವೆ. ಇದ್ದಿಲು, ಇಟ್ಟಿಗೆಪುಡಿ, ಬೂದಿ ಇವುಗಳನ್ನು ಗಾಯವಿರುವಾಗ ಮಾತ್ರವಲ್ಲ, ಎಂದೂ ಬಳಸಬಾರದು. ಅವು ಹಲ್ಲಿನ ಮೇಲ್ಪದರವನ್ನು ಸವೆಸುತ್ತವೆ.

ಹೊಲಿಗೆ ಹಾಕಿದ್ದಲ್ಲಿ, ಅದನ್ನು ತೆಗೆಸಲು ವೈದ್ಯರು ಹೇಳಿದ ದಿನ ತಪ್ಪದೆ ಹೋಗಬೇಕು.

ಮೂರನೆಯ ದಿನದ ನೋವು

ಸಾಮಾನ್ಯವಾಗಿ ನೋವು ಮೊದಲ ದಿನ ಹೆಚ್ಚಾಗಿದ್ದು ದಿನೇ ದಿನೇ ಇಳಿಯುತ್ತದೆ. ಊತವು ಎರಡನೆಯ ಅಥವಾ ಮೂರನೆಯ ದಿನದವರೆಗೆ ಏರಿ ಅನಂತರ ತಗ್ಗುತ್ತದೆ. ಆದರೆ ಕೆಲವರಲ್ಲಿ ಇಳಿಯುತ್ತಿದ್ದ ನೋವು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಮತ್ತೆ ಕೆರಳುತ್ತದೆ. ಕಿವಿಯವರೆಗೆ ಹರಿಯುವ ಮಿಡಿತದ ನೋವು, ಬಾಯಲ್ಲಿ ದುರ್ವಾಸನೆ, ಕನ್ನಡಿಯಲ್ಲಿ ನೋಡಿದರೆ ಹೆಪ್ಪಿಲ್ಲದೆ ಬರಿದಾದ ಕುಳಿ, ಇವು ಅದರ ಲಕ್ಷಣಗಳು. ಹೆಪ್ಪು ಕಳಚಿಹೋಗಿ ಮೂಳೆ ತೆರೆದುಕೊಂಡಿರುವ ಈ ಸ್ಥಿತಿಯನ್ನು ಒಣಕುಳಿ ಎನ್ನಬಹುದು.

ಮನೆಯ ಮದ್ದಿನಿಂದ ಇದು ಗುಣವಾಗದು. ದಂತವೈದ್ಯರು ಕುಳಿಯನ್ನು ತೊಳೆದು ಔಷಧಿಯ ಪಟ್ಟಿಯನ್ನಿಟ್ಟರೆ ನೋವು ಬೇಗನೆ ಶಮನವಾಗುತ್ತದೆ. "ಹಲ್ಲು ಕಿತ್ತ ಮೇಲೆ ನೋವಿರುವುದು ಸಹಜ" ಎಂದು ಸಹಿಸಿಕೊಂಡು ಕೂರಬೇಡಿ. ಇಳಿಯುವ ನೋವು ಸಹಜ, ಏರುವ ನೋವು ಸಹಜವಲ್ಲ.

ಒಣಕುಳಿಗೆ ಮುಖ್ಯ ಕಾರಣಗಳಲ್ಲಿ ಧೂಮಪಾನವೂ ಒಂದು. ಬೀಡಿಯನ್ನು ಎಳೆಯುವಾಗಿನ ಸೆಳೆತ ಹೆಪ್ಪನ್ನು ಕೀಳುತ್ತದೆ. ಹೊಗೆಯಲ್ಲಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ರಕ್ತ ಸಾಲದಂತೆ ಮಾಡುತ್ತದೆ. ಹಲ್ಲು ಕೀಳಿಸಿಕೊಂಡು ಊರಿಗೆ ಮರಳುವಾಗ ಬಸ್ ನಿಲ್ದಾಣದಲ್ಲೇ ಬೀಡಿ ಹಚ್ಚಿದವರು ಮೂರನೆಯ ದಿನ ಕೆನ್ನೆ ಹಿಡಿದುಕೊಂಡು ಮರಳಿ ಬರುವುದನ್ನು ವೈದ್ಯರು ಆಗಾಗ್ಗೆ ಕಾಣುತ್ತಾರೆ. ಎಲೆಅಡಿಕೆ, ಗುಟ್ಕಾ, ಕಡ್ಡಿಪುಡಿಗಳು ಗಾಯವನ್ನು ಕೆರಳಿಸಿ ಸೋಂಕಿಗೆ ಎಡೆಮಾಡುತ್ತವೆ. ಕನಿಷ್ಠಪಕ್ಷ ಒಂದು ವಾರ ಇವುಗಳನ್ನು ಮುಟ್ಟಬಾರದು. ಒಂದು ವಾರ ಬಿಟ್ಟಿರಲು ಸಾಧ್ಯವಾದವರಿಗೆ ಶಾಶ್ವತವಾಗಿ ಬಿಡುವುದೂ ಸಾಧ್ಯ. ತಂಬಾಕು ಬಾಯಿಯ ಕ್ಯಾನ್ಸರಿಗೆ ಪ್ರಮುಖ ಕಾರಣ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ.

ಔಷಧಿಗಳ ವಿಷಯದಲ್ಲಿ ಎಚ್ಚರ

ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ಸೇವಿಸಬೇಕು. ನೋವು ನಿಂತಿತೆಂದು ಸೋಂಕುನಿವಾರಕ ಮಾತ್ರೆಗಳನ್ನು ಅರ್ಧಕ್ಕೇ ನಿಲ್ಲಿಸಬಾರದು. ಪತಿಗೆ ಕೊಟ್ಟು ಮಿಕ್ಕ ಮಾತ್ರೆಗಳನ್ನು ಪತ್ನಿಗೆ ನೋವು ಬಂದಾಗ ಕೊಡುವ ರೂಢಿ ಅಪಾಯಕರ. ಒಬ್ಬರಿಗೆ ಒಗ್ಗಿದ ಪೆನಿಸಿಲಿನ್ ಜಾತಿಯ ಔಷಧಿ ಮತ್ತೊಬ್ಬರಿಗೆ ಒಗ್ಗದೆ ಪ್ರಾಣಾಪಾಯ ತರಬಹುದು. ಹಿಂದೆ ಯಾವುದಾದರೂ ಔಷಧಿ ಒಗ್ಗದಿದ್ದುದು ನೆನಪಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿರಿ.

ಅಂಗಡಿಯಿಂದ ಆಸ್ಪಿರಿನ್ ಮಾತ್ರೆ ತಂದು ನುಂಗಬಾರದು. ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಮಾತ್ರೆಯನ್ನು ಪುಡಿಮಾಡಿ ಕುಳಿಯ ಮೇಲಿಟ್ಟರೆ ವಸಡು ಸುಡುತ್ತದೆ. ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ, ಅರಿಸಿನಪುಡಿ ಇವುಗಳನ್ನೂ ಕುಳಿಯೊಳಗೆ ತುಂಬಬಾರದು. ಮೆಟ್ರೊನಿಡಜೋಲ್ ಎಂಬ ಮಾತ್ರೆಯನ್ನು ಕೊಟ್ಟಿದ್ದಲ್ಲಿ ಅದು ಮುಗಿದ ಮೇಲೂ ಮೂರು ದಿನ ಮದ್ಯಪಾನ ಮಾಡಬಾರದು. ಮಾಡಿದರೆ ವಾಂತಿ, ಎದೆಬಡಿತ ಮುಂತಾದ ತೊಂದರೆಗಳು ತಲೆದೋರಬಹುದು.

ಮಧುಮೇಹವಿರುವವರಿಗೆ ಗಾಯ ತಡವಾಗಿ ಮಾಯುತ್ತದೆ, ಸೋಂಕು ಬೇಗ ತಗಲುತ್ತದೆ. ಅವರು ಊಟವನ್ನೂ ಸಕ್ಕರೆಯ ಮಾತ್ರೆಯನ್ನೂ ತಪ್ಪಿಸಬಾರದು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಹಲ್ಲು ಕೀಳುವ ಮೊದಲೇ ತಿಳಿಸಬೇಕು. ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಗರ್ಭಿಣಿಯರು, ಬಾಣಂತಿಯರು ಮತ್ತು ಇತರ ಸ್ತ್ರೀಯರು

ಗರ್ಭಿಣಿಗೆ ಹಲ್ಲಿನ ಚಿಕಿತ್ಸೆ ಮಾಡಿಸಬಾರದೆಂಬ ಅಭಿಪ್ರಾಯ ಸರಿಯಲ್ಲ. ಗರ್ಭಾವಸ್ಥೆಯಲ್ಲಿ ಶರೀರದೊಳಗಿನ ರಸಗಳ ಬದಲಾವಣೆಯಿಂದ ವಸಡು ಊದಿ ರಕ್ತ ಬರುವುದುಂಟು. ಸಾಮಾನ್ಯ ಚಿಕಿತ್ಸೆಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲವಾದ ಕಾಲ. ಕೀವು, ಊತ, ತೀವ್ರ ನೋವಿದ್ದರೆ ಯಾವ ತಿಂಗಳಾದರೂ ಕಾಯಬಾರದು. ಆ ಸೋಂಕೇ ತಾಯಿಗೂ ಶಿಶುವಿಗೂ ಕೆಡುಕು. ತಾಯಿ ಕಾರ್ಡನ್ನು ದಂತವೈದ್ಯರಿಗೆ ತೋರಿಸಿ ಎಷ್ಟನೆಯ ತಿಂಗಳೆಂಬುದನ್ನು ತಿಳಿಸಬೇಕು. ವೈದ್ಯರನ್ನು ಕೇಳದೆ ಯಾವ ನೋವಿನ ಮಾತ್ರೆಯನ್ನೂ ನುಂಗಬಾರದು.

ಹಲ್ಲು ಕೀಳಿಸಿಕೊಂಡ ಬಾಣಂತಿಯು ಮಗುವಿಗೆ ಎಂದಿನಂತೆ ಎದೆಹಾಲು ಕೊಡಬಹುದು. ಜೋಮಿನ ಚುಚ್ಚುಮದ್ದಿನಿಂದ ಮಗುವಿಗೆ ತೊಂದರೆಯಿಲ್ಲ. ಬಾಣಂತಿಗೆ ನೀರನ್ನೂ ಹಣ್ಣುತರಕಾರಿಗಳನ್ನೂ ಕಡಿಮೆ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಗಾಯ ಮಾಯುವುದಕ್ಕೂ ಹಾಲು ಚೆನ್ನಾಗಿ ಬರುವುದಕ್ಕೂ ಇವೆಲ್ಲ ಅಗತ್ಯವಾದುದರಿಂದ ಈ ಪದ್ಧತಿಯನ್ನು ಬಿಡಬೇಕು.

ಮಾಲಾ-ಎನ್ ಮುಂತಾದ ನುಂಗುವ ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸುವ ಸ್ತ್ರೀಯರಲ್ಲಿ ಒಣಕುಳಿಯು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಹಾಗೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ಬಯಸದ ಗರ್ಭ ನಿಲ್ಲಬಹುದು. ಸಂಕೋಚಪಡದೆ ದಂತವೈದ್ಯರಿಗೆ ವಿಷಯ ತಿಳಿಸಿ, ಹೆಪ್ಪನ್ನು ಇನ್ನಷ್ಟು ಎಚ್ಚರದಿಂದ ಕಾಪಾಡಿಕೊಂಡರೆ ಸಾಕು. ವಂಕಿ ಹಾಕಿಸಿಕೊಂಡವರಿಗೆ ಹಾಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಈ ಮಾತು ಅನ್ವಯಿಸದು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

1. ಅರ್ಧ ಗಂಟೆಯಂತೆ ಎರಡು ಬಾರಿ ಹತ್ತಿ ಕಚ್ಚಿದರೂ ರಕ್ತ ನಿಲ್ಲದಿದ್ದಾಗ.

2. ಮೂರನೆಯ ದಿನದ ನಂತರವೂ ಊತ ಏರುತ್ತಿದ್ದಾಗ, ಕೀವು ಬಂದಾಗ, ಜ್ವರ ಕಾಣಿಸಿಕೊಂಡಾಗ.

3. ಇಳಿದ ನೋವು ಮತ್ತೆ ಏರಿದಾಗ.

4. ಬಾಯಿ ತೆರೆಯಲಾಗದಿದ್ದಾಗ, ಎಂಜಲು ನುಂಗಲಾಗದಿದ್ದಾಗ, ದವಡೆಯ ಕೆಳಗೆ ಅಥವಾ ನಾಲಿಗೆಯ ಅಡಿಯಲ್ಲಿ ಗಟ್ಟಿಯಾದ ಊತವಿದ್ದಾಗ, ಉಸಿರಾಟ ಕಷ್ಟವಾದಾಗ. ಇವು ಪ್ರಾಣಾಪಾಯದ ಲಕ್ಷಣಗಳು. ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

5. ಒಂದು ತಿಂಗಳಾದರೂ ಕುಳಿ ಮಾಯದಿದ್ದಾಗ, ಅಥವಾ ಬಾಯಿಯ ಯಾವುದೇ ಹುಣ್ಣು ಎರಡು ವಾರಗಳಲ್ಲಿ ವಾಸಿಯಾಗದಿದ್ದಾಗ. ಮುಖ್ಯವಾಗಿ ತಂಬಾಕು ಸೇವಿಸುವವರು ಇದನ್ನು ಕ್ಯಾನ್ಸರಿನ ಸೂಚನೆಯಿರಬಹುದೆಂದು ಶಂಕಿಸಿ ಪರೀಕ್ಷೆ ಮಾಡಿಸಬೇಕು. ಆರಂಭದಲ್ಲಿ ಪತ್ತೆಯಾದ ಬಾಯಿಯ ಕ್ಯಾನ್ಸರನ್ನು ಗುಣಪಡಿಸುವ ಸಾಧ್ಯತೆ ಹೆಚ್ಚು.

ಕೆಲವು ತಪ್ಪು ನಂಬಿಕೆಗಳು

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಹಲ್ಲು ಕೀಳುವುದರಿಂದ ದೃಷ್ಟಿ ಹೋಗುವುದಿಲ್ಲ. ವಯಸ್ಸಾದವರಲ್ಲಿ ಹಲ್ಲು ಕೀಳಿಸುವ ಕಾಲವೂ ಕಣ್ಣಿಗೆ ಪೊರೆ ಬರುವ ಕಾಲವೂ ಒಟ್ಟಿಗೆ ಬರುವುದರಿಂದ ಈ ನಂಬಿಕೆ ಹುಟ್ಟಿರಬಹುದು. ಈ ಭಯದಿಂದ ಕೀವು ತುಂಬಿದ ಹಲ್ಲನ್ನು ಬಾಯಲ್ಲೇ ಇಟ್ಟುಕೊಳ್ಳುವುದರಿಂದಲೇ ಅಪಾಯ.

ಹಲ್ಲು ಶುಚಿಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬುದೂ ನಿಜವಲ್ಲ. ಹಲ್ಲಿಗೆ ಗಟ್ಟಿಯಾಗಿ ಅಂಟಿದ ಪಾಚಿಯನ್ನು ತೆಗೆದ ನಂತರ ಕೆಲವು ದಿನ ಹಲ್ಲು ಜುಮ್ಮೆನ್ನಬಹುದು, ವಸಡಿನಲ್ಲಿ ತುಸು ರಕ್ತ ಕಾಣಬಹುದು. ಉಪ್ಪುನೀರಿನಿಂದ ಬಾಯಿ ತೊಳೆಯುತ್ತಿದ್ದರೆ ಇದು ಸರಿಹೋಗುತ್ತದೆ. ಹುಳುಕು ಹಲ್ಲನ್ನು ತುಂಬಿಸಿಕೊಂಡವರು ಜೋಮು ಇಳಿಯುವವರೆಗೆ ಏನನ್ನೂ ಜಗಿಯಬಾರದು. ಬೆಳ್ಳಿಬಣ್ಣದ ಮಿಶ್ರಣದಿಂದ ತುಂಬಿಸಿದ್ದರೆ ಒಂದು ದಿನ ಆ ಕಡೆಯಿಂದ ಜಗಿಯಬಾರದು. ತಾತ್ಕಾಲಿಕವಾಗಿ ತುಂಬಿಸಿದ್ದಲ್ಲಿ ನೋವಿಲ್ಲವೆಂದು ಸುಮ್ಮನಾಗದೆ ಮತ್ತೆ ಹೋಗಿ ಪೂರ್ತಿ ಮಾಡಿಸಬೇಕು.

ದಂಪತಿಗಳ ಹೊಣೆ

ಪುರುಷನು ಹಲ್ಲು ಕೀಳಿಸಿಕೊಂಡು ಬಂದರೆ ಜಗಲಿಯ ಮೇಲೆ ಮಲಗಿ ವಿಶ್ರಾಂತಿ ಪಡೆಯುತ್ತಾನೆ. ಮನೆಯವರು ಗಂಜಿ ಮಾಡಿಕೊಡುತ್ತಾರೆ. ಗೃಹಿಣಿಯು ಹಲ್ಲು ಕೀಳಿಸಿಕೊಂಡು ಬಂದರೆ ಅದೇ ಸಂಜೆ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ನೀರು ತರುತ್ತಾಳೆ, ಬಗ್ಗಿ ಒಲೆ ಊದುತ್ತಾಳೆ, ಬಿಸಿ ಹಬೆಯ ಮುಂದೆ ಅಡಿಗೆ ಮಾಡುತ್ತಾಳೆ. ಇವು ಮೊದಲ ದಿನ ಮಾಡಲೇಬಾರದ ಕೆಲಸಗಳೆಂಬುದನ್ನು ಮೇಲೆ ನೋಡಿದ್ದೇವೆ. ರಾತ್ರಿ ರಕ್ತ ಒಸರಿದರೂ, ಮೂರನೆಯ ದಿನ ನೋವು ಕೆರಳಿದರೂ ಮನೆಯವರಿಗೆ ತೊಂದರೆಯಾಗಬಾರದೆಂದು ಆಕೆ ಬಾಯಿಬಿಟ್ಟು ಹೇಳುವುದಿಲ್ಲ. ಸೋಂಕು ಬೆಳೆಯುವುದಕ್ಕೆ ಈ ಮೌನವೇ ಅವಕಾಶ ಕೊಡುತ್ತದೆ.

ಆದುದರಿಂದ ಪತ್ನಿಗೆ ಹಲ್ಲು ಕಿತ್ತ ದಿನ ಪತಿಯು ನೀರು ತರುವ, ಅಡಿಗೆ ಮಾಡುವ, ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಹೊತ್ತುಕೊಳ್ಳಬೇಕು. ಅತ್ತೆಯವರೂ ಮನೆಯ ಇತರರೂ ಇದಕ್ಕೆ ನೆರವಾಗಬೇಕು. "ನೋವು ನಿನ್ನೆಗಿಂತ ಕಡಿಮೆಯೋ, ಹೆಚ್ಚೋ?" ಎಂದು ಒಂದು ವಾರದವರೆಗೆ ಪ್ರತಿದಿನವೂ ವಿಚಾರಿಸಬೇಕು. ಹೆಚ್ಚೆಂದರೆ ಅಂದೇ ಕರೆದೊಯ್ಯಬೇಕು. ಪತಿಗೆ ಚಿಕಿತ್ಸೆಯಾದಾಗ ಪತ್ನಿಯು ಬೀಡಿ, ಮದ್ಯಗಳಿಂದ ಆತನನ್ನು ತಡೆಯಬೇಕು. ಆತನೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು.

ಒಂದು ದಿನದ ವಿಶ್ರಾಂತಿ, ಒಂದು ಚಿಟಿಕೆ ಉಪ್ಪು, ಒಂದು ವಾರದ ಸಂಯಮ ಇವಿಷ್ಟಿದ್ದರೆ ಹಲ್ಲು ಕಿತ್ತ ಗಾಯ ಬಹುಪಾಲು ಜನರಲ್ಲಿ ತೊಂದರೆಯಿಲ್ಲದೆ ಮಾಯುತ್ತದೆ. ಸಂದೇಹವಿದ್ದಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನಾಗಲಿ ವಿಚಾರಿಸಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರ ಸೇವೆ ದೊರೆಯುತ್ತದೆ. ಕುಳಿ ಮಾಯಿತೆಂದು ಅಲ್ಲಿಗೇ ನಿಲ್ಲದೆ, ಉಳಿದ ಹಲ್ಲುಗಳನ್ನೂ ಮನೆಮಂದಿಯೆಲ್ಲರ ಹಲ್ಲುಗಳನ್ನೂ ಒಮ್ಮೆ ಪರೀಕ್ಷೆ ಮಾಡಿಸಿರಿ. ಹುಳುಕು ಚಿಕ್ಕದಿರುವಾಗಲೇ ತುಂಬಿಸಿಕೊಂಡರೆ ಮತ್ತೊಂದು ಹಲ್ಲನ್ನು ಕೀಳಿಸಬೇಕಾದ ಪ್ರಸಂಗವೇ ಬಾರದು.